ಬೀಗದ ಕೈ ಹಿಡಿದವರಿಗೆ ತರಬೇತಿ ಬೇಡವೆ?

ಜೂನ್ 19 ಬಂತೆಂದರೆ ಕೇರಳದ ಶಾಲೆಗಳಲ್ಲಿ ವಾಚನಾ ದಿನದ ಸಡಗರ. ಈ ರಾಜ್ಯದ ಗ್ರಂಥಾಲಯ ಚಳವಳಿಗೆ ಬದುಕನ್ನೇ ಮುಡಿಪಿಟ್ಟ ಪಿ. ಎನ್. ಪಣಿಕ್ಕರ್ ಅವರು 1995ರಲ್ಲಿ ತೀರಿಕೊಂಡ ದಿನವದು. ಮರುವರ್ಷದಿಂದ ಅದು ವಾಚನಾ ದಿನವಾಗಿ ಆಚರಣೆಗೆ ಬಂತು. ಗಡಿನಾಡಿನ ಕನ್ನಡ ಶಾಲೆಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಅಂದು ಕಪಾಟಿನ ಧೂಳು ಒರೆಸಲಾಗುತ್ತದೆ. ಪುಸ್ತಕಗಳು ಮೇಜಿನ ಮೇಲೆ ಸಾಲಾಗಿ ಕೂರುತ್ತವೆ. ಪ್ರತಿಜ್ಞೆ, ಭಾಷಣ, ರಸಪ್ರಶ್ನೆಗಳು ಸಾಂಗವಾಗಿ ನೆರವೇರುತ್ತವೆ. ವಾರ ಕಳೆಯುವಷ್ಟರಲ್ಲಿ ಬಹಳಷ್ಟು ಕಡೆ ಕಪಾಟಿಗೆ ಮತ್ತೆ ಬೀಗ ಬೀಳುತ್ತದೆ. ಹೊರಗೆ ಆಟಿಯ ಮಳೆ, ಒಳಗೆ ಪುಸ್ತಕಗಳಿಗೆ ಬೂಷ್ಟು. ಮುಂದಿನ ಜೂನ್ ತನಕ ಆ ಬೀಗಕ್ಕೆ ಕೆಲಸ ಕಡಿಮೆ.

ಇದಕ್ಕೆ ಯಾರನ್ನು ದೂರೋಣ? ಬೀಗದ ಕೈ ಇಟ್ಟುಕೊಂಡ ಅಧ್ಯಾಪಕರನ್ನು ದೂರುವುದು ಸುಲಭ. ಆದರೆ ಅದು ನ್ಯಾಯವಲ್ಲ. ನಮ್ಮ ಹೆಚ್ಚಿನ ಶಾಲೆಗಳಲ್ಲಿ ಗ್ರಂಥಪಾಲನೆಗೆಂದೇ ಒಬ್ಬರಿಲ್ಲ. ಕನ್ನಡ ಪಾಠ ಮಾಡುವವರಿಗೋ, ಪಾಠದ ಅವಧಿ ಸ್ವಲ್ಪ ಕಡಿಮೆ ಇರುವವರಿಗೋ ಗ್ರಂಥಾಲಯದ ಹೊಣೆ ಅಂಟಿಕೊಳ್ಳುತ್ತದೆ. ಅವರು ಅಧ್ಯಾಪನ ತರಬೇತಿಯಲ್ಲಿ ಪಾಠಟಿಪ್ಪಣಿ ಬರೆಯಲು ಕಲಿತವರು. ಪುಸ್ತಕಗಳನ್ನು ವರ್ಗೀಕರಿಸಲು, ಪಟ್ಟಿ ಮಾಡಲು, ಮಗುವಿನ ವಯಸ್ಸಿಗೆ ತಕ್ಕ ಪುಸ್ತಕ ಆರಿಸಲು ಯಾರೂ ಅವರಿಗೆ ಕಲಿಸಲಿಲ್ಲ. ಕಲಿಸದ ಕೆಲಸವನ್ನು ಒಪ್ಪಿಸಿ, ಅದು ಸರಿಯಾಗಲಿಲ್ಲವೆಂದು ಗದರಿಸುವುದು ಎಲ್ಲಿಯ ರೀತಿ?

ನಾವು ಕಂಡ ಒಂದು ಶಾಲೆಯ ಸಂಗತಿ ಹೇಳಬೇಕು. ಅಲ್ಲಿ ಪುಸ್ತಕಗಳಿಗೆ ಕೊರತೆ ಇರಲಿಲ್ಲ. ಉತ್ಸಾಹಿ ಅಧ್ಯಾಪಕರೊಬ್ಬರು ಡ್ಯೂಯಿ ದಶಮಾಂಶ ಪದ್ಧತಿಯ ಹೆಸರು ಕೇಳಿ, ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆ ಇದೆಯೆಂದು ತಿಳಿದು, ರಜೆಯಲ್ಲಿ ಕುಳಿತು ಪ್ರತಿಯೊಂದು ಪುಸ್ತಕದ ಬೆನ್ನಿಗೂ ಅದನ್ನೇ ಅಂಟಿಸಿದ್ದರು. ಕನ್ನಡ ಶಾಲೆಯಲ್ಲಿ ಮುಕ್ಕಾಲು ಪಾಲು ಪುಸ್ತಕ ಕನ್ನಡ ಸಾಹಿತ್ಯವೇ. ಎಲ್ಲದಕ್ಕೂ ಒಂದೇ ಸಂಖ್ಯೆಯಾದ ಮೇಲೆ ಸಂಖ್ಯೆ ಇದ್ದೂ ಇಲ್ಲದ ಹಾಗೆ. ಅದರ ಮುಂದೆ ಒಂದಂಕಿ ಸೇರಿಸಿದರೆ ಕಾವ್ಯ, ಎರಡಕ್ಕೆ ನಾಟಕ, ಮೂರಕ್ಕೆ ಕಥೆ ಕಾದಂಬರಿ ಎಂದು ಬೇರೆಯಾಗುತ್ತದೆಂದು ಅವರಿಗೆ ಹೇಳಿದವರಿಲ್ಲ. ಅರ್ಧ ಗಂಟೆಯಲ್ಲಿ ತಿಳಿಸಬಹುದಾಗಿದ್ದ ಮಾತಿಗಾಗಿ ಒಬ್ಬ ಪ್ರಾಮಾಣಿಕ ಅಧ್ಯಾಪಕರ ರಜೆಯೆಲ್ಲ ವ್ಯರ್ಥವಾಯಿತು.

ಅವರ ತೊಂದರೆ ಅಷ್ಟಕ್ಕೇ ಮುಗಿಯಲಿಲ್ಲ. ಲೇಖಕರ ಪಟ್ಟಿ ಮಾಡಹೊರಟಾಗ ಕಡೆಂಗೋಡ್ಲು ಶಂಕರ ಭಟ್ಟರನ್ನು ‘ಕ’ದಲ್ಲಿ ಬರೆಯುವುದೇ, ‘ಶ’ದಲ್ಲೇ, ‘ಭ’ದಲ್ಲೇ? ಕುವೆಂಪು ಅವರನ್ನು ಕಾವ್ಯನಾಮದಲ್ಲಿ ಹುಡುಕಬೇಕೇ, ಪುಟ್ಟಪ್ಪ ಎಂಬ ಹೆಸರಿನಲ್ಲೇ? ಊರ ಹೆಸರು, ಮನೆತನದ ಹೆಸರು, ಕಾವ್ಯನಾಮ ಎಲ್ಲ ಬೆರೆತಿರುವ ನಮ್ಮಲ್ಲಿ ಇದಕ್ಕೊಂದು ಕ್ರಮ ಗೊತ್ತಿರಬೇಕು. ಮಲಯಾಳದಲ್ಲಿ ನಡೆಯುವ ಶಿಬಿರಕ್ಕೆ ಹೋಗಿ ಬಂದರೆ ಮಲಯಾಳ ಲೇಖಕರ ಉದಾಹರಣೆಗಳು ಸಿಗುತ್ತವೆ. ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ತರಬೇತಿ ಕನ್ನಡದಲ್ಲೇ ಆಗಬೇಕೆಂದು ನಾವು ಹೇಳುವುದು ಬರಿಯ ಅಭಿಮಾನದಿಂದಲ್ಲ. ಕೆಲಸ ನಡೆಯಬೇಕಾದ ಪುಸ್ತಕಗಳು ಕನ್ನಡದವು ಎಂಬ ಕಾರಣದಿಂದ.

ಹಣದ ಅಡಚಣೆಯ ಕಾಲದಲ್ಲಿ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಅಡಚಣೆ ಇರುವುದು ಸುಳ್ಳಲ್ಲ. 2018ರಲ್ಲಿ ಜಾರಿಗೆ ಬಂದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರಕಾರಿ ಶಾಲೆಗಳಿಗೆ ತರಗತಿಗಳ ಮಟ್ಟಕ್ಕನುಸಾರ ವರ್ಷಕ್ಕೆ 5,000ದಿಂದ 20,000 ರೂಪಾಯಿ ವರೆಗೆ ಗ್ರಂಥಾಲಯ ಅನುದಾನ ಗೊತ್ತುಪಡಿಸಲಾಗಿತ್ತು. ಪಿ. ಎಂ. ಶ್ರೀ ಶಾಲೆಗಳ ಒಪ್ಪಂದದ ಕುರಿತು ಕೇಂದ್ರಕ್ಕೂ ಕೇರಳಕ್ಕೂ ಎದ್ದ ವಿವಾದದಲ್ಲಿ ಈ ಯೋಜನೆಯ ಕೇಂದ್ರದ ಪಾಲು ತಡೆಯಾಯಿತು. 2025ರ ಅಕ್ಟೋಬರಿನಲ್ಲಿ ಸಹಿ ಬಿದ್ದ ಒಪ್ಪಂದವನ್ನು ಅದೇ ತಿಂಗಳ ಕೊನೆಗೆ ರಾಜ್ಯ ಸರಕಾರವೇ ತಡೆಹಿಡಿಯಿತು. ಎರಡು ಸರಕಾರಗಳ ಜಗ್ಗಾಟದಲ್ಲಿ ಯಾರ ವಾದ ಸರಿ ಎಂಬುದು ಬೇರೆ ಚರ್ಚೆ. ಇಂತಹ ಹೊತ್ತಿನಲ್ಲಿ ಮೊದಲು ಕತ್ತರಿ ಬೀಳುವುದು ಕಣ್ಣಿಗೆ ಕಾಣದ ಖರ್ಚಿಗೆ. ಕಟ್ಟಡ ಕಾಣುತ್ತದೆ, ಬೆಂಚು ಕಾಣುತ್ತದೆ, ಪುಸ್ತಕವೂ ಕಾಣುತ್ತದೆ. ಪುಸ್ತಕ ನೋಡಿಕೊಳ್ಳುವವರ ತಿಳಿವಳಿಕೆ ಕಾಣುವುದಿಲ್ಲ. ಆದುದರಿಂದ ಪುಸ್ತಕ ಬರುತ್ತದೆ, ತರಬೇತಿ ಬರುವುದಿಲ್ಲ. ಕೊಂಡ ಪುಸ್ತಕ ಓದಿಗೆ ಬಾರದೆ ಗೆದ್ದಲಿಗೆ ಹೋದರೆ ಉಳಿತಾಯವಾದದ್ದೇನು?

ಈ ಸಂದರ್ಭದಲ್ಲಿ ಹಳೆಯ ಸಂಗತಿಯೊಂದು ನೆನಪಾಗುತ್ತದೆ. 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯ ತನ್ನ ಗ್ರಂಥಾಲಯಕ್ಕೆ ಒಬ್ಬ ಗಣಿತದ ಅಧ್ಯಾಪಕರನ್ನು ನೇಮಿಸಿತು. ಗ್ರಂಥಪಾಲನೆ ಅವರಿಗೆ ಗೊತ್ತಿರಲಿಲ್ಲ; ನಮ್ಮ ಅಧ್ಯಾಪಕರ ಸ್ಥಿತಿಯೇ ಅವರದೂ. ವಿಶ್ವವಿದ್ಯಾನಿಲಯ ಅವರನ್ನು ಕಲಿತು ಬರಲು ಲಂಡನ್ನಿಗೆ ಕಳುಹಿಸಿತು. 1925ರಲ್ಲಿ ಮರಳಿದ ಆ ಅಧ್ಯಾಪಕರೇ ಮುಂದೆ ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್. ತಾವು ಕಲಿತದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಅವರು ಇತರರಿಗೂ ಕಲಿಸಹೊರಟರು. ಮದ್ರಾಸು ಗ್ರಂಥಾಲಯ ಸಂಘದ ಆಶ್ರಯದಲ್ಲಿ 1929ರಲ್ಲಿ ತರಬೇತಿ ಆರಂಭವಾಯಿತು. 1931ರಲ್ಲಿ ವಿಶ್ವವಿದ್ಯಾನಿಲಯ ಅದನ್ನು ವಹಿಸಿಕೊಂಡಿತು. ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳ ಗ್ರಂಥ ಪ್ರಕಟವಾದದ್ದೂ ಅದೇ ವರ್ಷ. ಜಗತ್ತೇ ಹಣದ ಮುಗ್ಗಟ್ಟಿಗೆ ಸಿಲುಕಿದ್ದ ಕಾಲವದು ಎಂಬುದನ್ನು ಮರೆಯಬಾರದು. ಆಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಅದೇ ಮದ್ರಾಸು ಪ್ರಾಂತದಲ್ಲಿತ್ತು. ಒಬ್ಬ ಗಣಿತದ ಮೇಷ್ಟ್ರಿಗೆ ಕಲಿಯಲು ಕೊಟ್ಟ ಅವಕಾಶದಿಂದ ದೇಶಕ್ಕೇ ಒಂದು ಶಾಸ್ತ್ರ ದೊರೆಯಿತು.

ಮನೆಯ ಬಳಿಯ ಉದಾಹರಣೆಯೂ ಇದೆ. ರಾಷ್ಟ್ರಕವಿ ಗೋವಿಂದ ಪೈಗಳು ಮಂಜೇಶ್ವರದ ತಮ್ಮ ಮನೆಯಲ್ಲಿ ಹಲವು ಭಾಷೆಗಳ ಗ್ರಂಥಗಳನ್ನು ಕೂಡಿಸಿ ಓದಿದವರು. ಅವರು 1963ರಲ್ಲಿ ತೀರಿಕೊಂಡ ಬಳಿಕ ಆ ಸಂಗ್ರಹ ಉಡುಪಿಯ ಎಂ. ಜಿ. ಎಂ. ಕಾಲೇಜನ್ನು ಸೇರಿ ಸಂಶೋಧಕರಿಗೆ ಒದಗಿತು. ಕಾಪಾಡಿ ಓದುಗರ ಕೈಗೆ ಕೊಡಬಲ್ಲವರು ಇದ್ದಲ್ಲಿ ಪುಸ್ತಕ ಬಾಳುತ್ತದೆ. ಅಂತಹವರು ನಮ್ಮೂರಿನಲ್ಲೇ, ನಮ್ಮ ಶಾಲೆಗಳಲ್ಲೇ ಯಾಕಿರಬಾರದು?

ಕನ್ನಡ ಮಗುವಿನ ಪಾಲಿಗೆ ಈ ವಿಚಾರ ಇನ್ನಷ್ಟು ಗಂಭೀರವಾದುದು. ಮಲಯಾಳ ಮಾಧ್ಯಮದ ಮಗುವಿಗೆ ಶಾಲೆಯ ಕಪಾಟು ಮುಚ್ಚಿದರೂ ಊರ ವಾಚನಾಲಯ ತೆರೆದಿರುತ್ತದೆ. ನಮ್ಮ ಮಗುವಿಗೆ ಅಂಗಡಿಯ ಫಲಕ ಮಲಯಾಳ, ಬಸ್ಸಿನ ಹೆಸರು ಮಲಯಾಳ, ಆಟದ ಮಾತೂ ಎಷ್ಟೋ ಕಡೆ ಮಲಯಾಳ. ಅದರಲ್ಲಿ ತಪ್ಪಿಲ್ಲ, ನೆರೆಯವರ ಭಾಷೆ ಕಲಿತರೆ ಲಾಭವೇ. ಆದರೆ ಪಠ್ಯಪುಸ್ತಕದ ಹೊರಗೆ ಕನ್ನಡ ಅಕ್ಷರ ಕಾಣಸಿಗುವ ಜಾಗ ಅದಕ್ಕೆ ಶಾಲೆಯ ಗ್ರಂಥಾಲಯ ಒಂದೇ ಆಗಿರಬಹುದು. ಆ ಬಾಗಿಲೂ ಮುಚ್ಚಿದರೆ ಕನ್ನಡ ಪರೀಕ್ಷೆಗೆ ಓದುವ ವಿಷಯವಾಗಿ ಉಳಿಯುತ್ತದೆ, ಸಂತೋಷಕ್ಕೆ ಓದುವ ಭಾಷೆಯಾಗಿ ಉಳಿಯುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾಕ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸಾಕಷ್ಟು ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350 ಎ ವಿಧಿ ಹೇಳುತ್ತದೆ. ಬೀಗ ಹಾಕಿದ ಕಪಾಟು ಯಾವ ಬಗೆಯ ಸೌಕರ್ಯ?

ಹಾಗಾದರೆ ಮಾಡಬೇಕಾದುದೇನು? ನಾವು ದೊಡ್ಡ ಯೋಜನೆ ಕೇಳುವುದಿಲ್ಲ. ಮಾಯಿಪ್ಪಾಡಿಯಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇದೆ. ಬೇಸಗೆ ರಜೆಯಲ್ಲಿ ಅಧ್ಯಾಪಕರ ಶಿಬಿರಗಳೂ ನಡೆಯುತ್ತವೆ. ಅವುಗಳ ನಡುವೆ ಕನ್ನಡ ಶಾಲೆಗಳ ಗ್ರಂಥಾಲಯ ಹೊಣೆ ಹೊತ್ತವರಿಗೆಂದೇ ಎರಡು ದಿನಗಳನ್ನು ಕನ್ನಡದಲ್ಲಿ ಮೀಸಲಿಡಲಿ. ಪುಸ್ತಕ ಸೇರ್ಪಡೆಯ ವಹಿ, ವರ್ಗೀಕರಣ, ಲೇಖಕರ ಪಟ್ಟಿ, ಮಳೆಗಾಲದಲ್ಲಿ ಪುಸ್ತಕ ರಕ್ಷಣೆ, ಹರಿದುದರ ದುರಸ್ತಿ, ವಯಸ್ಸಿಗೆ ತಕ್ಕ ಆಯ್ಕೆ, ತರಗತಿಯಲ್ಲಿ ಗಟ್ಟಿಯಾಗಿ ಓದಿ ಹೇಳುವ ಕ್ರಮ ಇಷ್ಟನ್ನು ಕಲಿಸಿದರೆ ಆರಂಭಕ್ಕೆ ಸಾಕು. ಇದನ್ನೆಲ್ಲ ಸೇರಿಸಿ ಕನ್ನಡದಲ್ಲೊಂದು ಕಿರುಹೊತ್ತಗೆ ಅಚ್ಚಾಗಲಿ. ಹೋಗುವ ಅಧ್ಯಾಪಕರಿಗೆ ಅದನ್ನು ಕರ್ತವ್ಯದ ದಿನವೆಂದು ಪರಿಗಣಿಸಲಿ. ಮರಳಿದ ಮೇಲೆ ವಾರಕ್ಕೆ ಎರಡು ಅವಧಿಯನ್ನಾದರೂ ಗ್ರಂಥಾಲಯಕ್ಕೆಂದು ಬಿಟ್ಟುಕೊಡಲಿ. ಹೊತ್ತು ಕೊಡದೆ ತರಬೇತಿ ಮಾತ್ರ ಕೊಟ್ಟರೆ ಅದು ನೀರಿನಲ್ಲಿ ಹೋಮ ಮಾಡಿದಂತೆ.

ಸರಕಾರದತ್ತ ಬೆರಳು ತೋರಿಸಿ ನಾವು ಕೈಕಟ್ಟಿ ಕೂರುವುದೂ ಸಲ್ಲದು. ಗ್ರಂಥಾಲಯದ ಹೊಣೆಯನ್ನು ಶಿಕ್ಷೆಯೆಂದು ತಿಳಿದು, ಹೇಗಾದರೂ ಇನ್ನೊಬ್ಬರ ತಲೆಗೆ ಕಟ್ಟುವ ಚಾಳಿ ನಮ್ಮ ಅಧ್ಯಾಪಕರಲ್ಲೂ ಇದೆ. ಪುಸ್ತಕ ಹರಿದರೆ ಲೆಕ್ಕ ಕೊಡಬೇಕಲ್ಲ ಎಂಬ ಹೆದರಿಕೆಯಿಂದ ಬೀಗ ಹಾಕುವವರಿದ್ದಾರೆ. ಓದಿ ಹರಿದ ಪುಸ್ತಕಕ್ಕೆ ಲೆಕ್ಕ ಕೇಳುವ ಮೇಲಧಿಕಾರಿಗಳು ಓದದೆ ಹಾಳಾದ ಪುಸ್ತಕಕ್ಕೂ ಲೆಕ್ಕ ಕೇಳುವಂತಾಗಬೇಕು. ಪ್ರೌಢಶಾಲೆಗಳಲ್ಲಿ 2018ರಿಂದ ‘ಲಿಟಲ್ ಕೈಟ್ಸ್’ ಘಟಕಗಳಿವೆ. ಆ ಮಕ್ಕಳಿಂದ ಪುಸ್ತಕಪಟ್ಟಿಯನ್ನು ಗಣಕಯಂತ್ರದಲ್ಲಿ ಕನ್ನಡದಲ್ಲೇ ಬೆರಳಚ್ಚು ಮಾಡಿಸಿದರೆ ಎರಡು ಕೆಲಸ ಒಮ್ಮೆಗೇ ಆದೀತು. ನಿವೃತ್ತ ಗ್ರಂಥಪಾಲಕರು ಮಂಗಳೂರಿನಲ್ಲೂ ಇದ್ದಾರೆ, ನಮ್ಮ ನಡುವೆಯೂ ಇದ್ದಾರೆ. ಕರೆದರೆ ಬಾರದಿರುವವರಲ್ಲ.

ಹಣದ ಮಾತಿಗೆ ಬಂದರೆ, ಮಂಜೇಶ್ವರ ಮತ್ತು ಕುಂಬಳೆ ಉಪಜಿಲ್ಲೆಗಳ ಇಪ್ಪತ್ತು ಶಾಲೆಗಳ ರಕ್ಷಕ-ಶಿಕ್ಷಕ ಸಂಘಗಳು ತಲಾ 500 ರೂಪಾಯಿ ಹಾಕಿದರೆ 10,000 ರೂಪಾಯಿ ಆಗುತ್ತದೆ. ಇಪ್ಪತ್ತು ಮಂದಿಯ ಎರಡು ದಿನದ ಊಟ, ಕಾಗದ, ಬಂದು ಕಲಿಸುವವರ ಪ್ರಯಾಣದ ಖರ್ಚು ಅದರಲ್ಲಿ ಹೆಚ್ಚುಕಡಿಮೆ ನಡೆದೀತು. ವಾರ್ಷಿಕೋತ್ಸವದ ಚಪ್ಪರಕ್ಕೂ ಧ್ವನಿವರ್ಧಕಕ್ಕೂ ನಾವು ಇದಕ್ಕಿಂತ ಹೆಚ್ಚು ಖರ್ಚು ಮಾಡುವುದುಂಟು. ಅನುದಾನಿತ ಶಾಲೆಗಳ ಮೆನೇಜರರೂ ಹಳೆ ವಿದ್ಯಾರ್ಥಿಗಳೂ ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ನಾವು ಮೊದಲ ಹೆಜ್ಜೆ ಇಟ್ಟೆವೆಂದರೆ ಉಳಿದುದನ್ನು ಇಲಾಖೆಯೊಡನೆ ಕೇಳುವ ಬಾಯಿಗೂ ಬಲ ಬರುತ್ತದೆ. ಕನ್ನಡ ಅಲ್ಪಸಂಖ್ಯಾಕರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಲು 1969ರ ಕೇರಳ ರಾಜಭಾಷಾ ಕಾಯಿದೆಯಲ್ಲಿ ಅವಕಾಶವಿದೆ. ಆ ಮನವಿಯನ್ನು ಕನ್ನಡದಲ್ಲೇ ಬರೆಯೋಣ.

ಮುಂದಿನ ವಾಚನಾ ದಿನದಂದು ಪ್ರತಿ ಕನ್ನಡ ಶಾಲೆಯ ರಕ್ಷಕರೂ ಒಂದು ಕೆಲಸ ಮಾಡಲಿ. ಮಗುವಿನ ಭಾಷಣ ಕೇಳಿ ಚಪ್ಪಾಳೆ ತಟ್ಟಿದ ಮೇಲೆ ಮುಖ್ಯೋಪಾಧ್ಯಾಯರ ಬಳಿ ಹೋಗಿ, ಇಲ್ಲಿ ಗ್ರಂಥಾಲಯ ನೋಡಿಕೊಳ್ಳುವ ಅಧ್ಯಾಪಕರಿಗೆ ಅದನ್ನು ಕಲಿಯಲು ಅವಕಾಶ ಸಿಕ್ಕಿದೆಯೇ ಎಂದು ವಿನಯದಿಂದ ವಿಚಾರಿಸಲಿ. ಸಂಬಂಧಪಟ್ಟ ಅಧಿಕಾರಿಗಳೂ ಅಷ್ಟರೊಳಗೆ ಇತ್ತ ಗಮನ ಹರಿಸುವರೆಂದು ಆಶಿಸುತ್ತೇವೆ.