ಹೊರಸಂಚಾರಕ್ಕೆ ಅಂಕ ಬೇಡ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ 625ಕ್ಕೆ 625 ಪಡೆದವರ ಫ್ಲೆಕ್ಸ್‌ಗಳು ಬೀದಿ ಬೀದಿಯಲ್ಲಿ ಏಳುತ್ತವೆ. ಆ ಮಕ್ಕಳ ಶ್ರಮ ದೊಡ್ಡದು, ಅಭಿನಂದನೆಗೆ ಅರ್ಹ. ಆದರೆ ಒಂದಂಕವೂ ಹೋಗಕೂಡದೆಂಬ ಹಟ ಪ್ರಾಥಮಿಕ ಶಾಲೆಯ ಪರಿಸರ ಅಧ್ಯಯನಕ್ಕೂ ಇಳಿದಿರುವುದು ಅನ್ಯಾಯ.

ಶಾಲೆಯ ಅಂಗಳದ ಹೊಂಗೆ ಮರವನ್ನೇ ನೋಡಿ. ಅದರ ಎಲೆಗಳ ಮೇಲೆ ಸಣ್ಣ ಸಣ್ಣ ಗಂಟುಗಳಿರುತ್ತವೆ; ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಗಳು ಅಲ್ಲಿ ಮನೆ ಮಾಡಿಕೊಂಡಿವೆ. ಕಂಡಂತೆ ಬರೆಯುವ ಮಗು ಗಂಟುಗಳನ್ನೂ ಬರೆಯುತ್ತದೆ. ಪುಸ್ತಕದ ಚಿತ್ರದಲ್ಲಿ ಎಲೆ ನುಣುಪಾಗಿದೆಯೆಂದು ಅದಕ್ಕೆ ಕೆಂಪು ಗೆರೆ ಎಳೆದರೆ, ಆ ಮಗು ಮುಂದೆ ಮರ ನೋಡುವುದನ್ನೇ ಬಿಡುತ್ತದೆ. ಈ ಗಂಟು ಯಾಕೆ ಬಂತು, ಪಕ್ಕದ ಬೇವಿಗೆ ಯಾಕಿಲ್ಲ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ವಿಜ್ಞಾನ ಶುರುವಾಗುವುದು ಆ ಪ್ರಶ್ನೆಯಿಂದಲೇ.

ಪ್ರಾಜೆಕ್ಟಿನದೂ ಇದೇ ಕಥೆ. ಥರ್ಮಾಕೋಲ್ ಕಾಡು, ಮಿನುಗುವ ಚಾರ್ಟು, ಅಂಗಡಿಯಿಂದ ತಂದ ಚಿತ್ರಪಟ. ರಾತ್ರಿ ಹನ್ನೊಂದರವರೆಗೆ ಕೂತು ಅಂಟಿಸುವವರು ಅಪ್ಪ ಅಮ್ಮ, ಅಂಕ ಮಗುವಿಗೆ. ಕೈಗೆ ಮಣ್ಣೇ ಹತ್ತದ ಕೆಲಸಕ್ಕೆ ಪರಿಸರದ ಹೆಸರು!

ಪರಿಸರ ಶಿಕ್ಷಣ ಕಡ್ಡಾಯವಾಗಲಿ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಬೆಸೆಯಿರಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ನಾವು ಪಾಠವನ್ನು ಸೇರಿಸಿಕೊಂಡು ಅಂಗಳವನ್ನು ಕೈಬಿಟ್ಟೆವು.

ಅಂಕವಿಲ್ಲದಿದ್ದರೆ ಮಕ್ಕಳು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಎನ್ನುವವರಿದ್ದಾರೆ. ಇರುವೆ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ ಮಗುವನ್ನು ಎಬ್ಬಿಸಿ ನೋಡಿ, ಅದರ ಗಾಂಭೀರ್ಯ ಗೊತ್ತಾಗುತ್ತದೆ. ಮಕ್ಕಳನ್ನು ಹೊರಗೆ ಬಿಟ್ಟರೆ ಹಾವು, ಬಿಸಿಲು, ಗಾಯದ ಭಯ ನಿಜ. ಅದಕ್ಕೆ ಎಚ್ಚರಿಕೆ ಬೇಕು, ಬೀಗವಲ್ಲ. ಸಿಲೆಬಸ್ ಮುಗಿಸುವ ಒತ್ತಡವೂ ನಿಜ. ಆದ್ದರಿಂದಲೇ ಹೊರಸಂಚಾರದ ಹೊರೆಯನ್ನು ಶಿಕ್ಷಕರೊಬ್ಬರ ತಲೆಗೆ ಕಟ್ಟದೆ ಇಲಾಖೆಯೇ ವೇಳಾಪಟ್ಟಿಯಲ್ಲಿ ಜಾಗ ಕೊಡಬೇಕು.

ವಾರಕ್ಕೊಂದು ಪಿರಿಯಡ್ ಅಂಗಳದಲ್ಲಿ ನಡೆಯಲಿ. ಕೈಯಲ್ಲಿ ಪೆನ್ಸಿಲು, ಒಂದು ನೋಟುಪುಸ್ತಕ ಸಾಕು. ಬರೆದದ್ದಕ್ಕೆ ಅಂಕ ಬೇಡ, ಶ್ರೇಣಿ ಬೇಡ, ಪ್ರದರ್ಶನವೂ ಬೇಡ. ಮಗು ತಪ್ಪಾಗಿ ಗುರುತಿಸಿದ ಹಕ್ಕಿಯನ್ನು ಮುಂದಿನ ವಾರ ತಾನೇ ತಿದ್ದಿಕೊಳ್ಳಲಿ. ಪೋಷಕರು ಮಾಡಬೇಕಾದ್ದು ಇಷ್ಟೇ: ಎಷ್ಟು ಅಂಕ ಬಂತು ಎಂದು ಕೇಳುವ ಬದಲು ಇವತ್ತು ಏನು ನೋಡಿದೆ ಎಂದು ಕೇಳಿ.