ಸಾಲಾಜಾರನೊಡನೆ ಪೋಪರ ಕರಾರು: ಸರಿಯೇ, ತಪ್ಪೇ?

1932ರಿಂದ 1968ರವರೆಗೆ ಪೋರ್ಚುಗಲ್ಲನ್ನು ಆಳಿದ ಅಂತೋನಿಯೊ ಸಾಲಾಜಾರ್, ವಿರೋಧ ಪಕ್ಷಗಳಿಗೆ ಎಡೆಗೊಡದೆ, ಪತ್ರಿಕೆಗಳ ಮೇಲೆ ಸೆನ್ಸಾರ್ ಹೇರಿ, ಗುಪ್ತ ಪೊಲೀಸರನ್ನು ಸಾಕಿಕೊಂಡು ರಾಜ್ಯಭಾರ ಮಾಡಿದ ಸರ್ವಾಧಿಕಾರಿ. ಗೋವಾ ಅವನ ಆಳ್ವಿಕೆಗೇ ಸೇರಿತ್ತು. ಅವನ ಸರ್ಕಾರದೊಡನೆ ರೋಮಿನ ಪವಿತ್ರ ಪೀಠವು, ಎಂದರೆ ಪೋಪರ ಆಡಳಿತವು, 1940ರ ಮೇ 7ರಂದು ಕಾನ್‌ಕಾರ್ಡಾಟ್ ಎಂಬ ಧರ್ಮ–ರಾಜ್ಯ ಕರಾರಿಗೂ ಅದರ ಜೊತೆಗೆ ಮಿಷನರಿ ಒಪ್ಪಂದಕ್ಕೂ ಸಹಿ ಹಾಕಿತು. 1950ರ ಜುಲೈ 18ರ ಇನ್ನೊಂದು ಒಪ್ಪಂದವು ಮಂಗಳೂರಿನ ಬಿಷಪರ ನೇಮಕಕ್ಕೇ ಸಂಬಂಧಿಸಿತ್ತು. ಇಂಥ ಪ್ರಭುತ್ವದೊಡನೆ ಧರ್ಮಪೀಠವು ಕೈಕುಲುಕಿದ್ದು ಸರಿಯೇ ಎಂಬುದೇ ಪ್ರಶ್ನೆ.

ಪರ

ಪೋಪರ ಬಳಿ ಸೈನ್ಯವಿಲ್ಲ. ತಮ್ಮ ಜನ ಯಾರ ಆಳ್ವಿಕೆಯಲ್ಲಿದ್ದಾರೋ ಅವರೊಡನೆಯೇ ಮಾತಾಡದೆ ಅವರಿಗೆ ಗತ್ಯಂತರವೂ ಇಲ್ಲ. ಪೋರ್ಚುಗಲ್ಲಿನ ದೊರೆಗಳು ಪೂರ್ವದೇಶಗಳಲ್ಲಿ ಚರ್ಚುಗಳ ಖರ್ಚು ವಹಿಸಿಕೊಂಡು, ಅದಕ್ಕೆ ಪ್ರತಿಯಾಗಿ ಬಿಷಪರನ್ನು ಸೂಚಿಸುವ ಹಕ್ಕನ್ನು ಪಡೆದಿದ್ದರು; ಪದ್ರೋವಾದೊ ಎಂದರೆ ಈ ಪೋಷಕತ್ವ. 1886ರ ಕರಾರಿನಂತೆ ಮಂಗಳೂರು, ಮುಂಬಯಿ, ಕೊಲ್ಲಂ ಹಾಗೂ ತಿರುಚಿರಾಪಳ್ಳಿಯ ಪೀಠಗಳಿಗೆ ಬರುವವರ ಹೆಸರು ಲಿಸ್ಬನ್ನಿನ ಮೂಲಕವೇ ಬರಬೇಕಿತ್ತು; 1910ರಲ್ಲಿ ಅರಸೊತ್ತಿಗೆ ಬಿದ್ದುಹೋದರೂ 1928ರ ಒಪ್ಪಂದವು ಆ ಹಕ್ಕನ್ನು ಗಣರಾಜ್ಯದ ಅಧ್ಯಕ್ಷರಿಗೆ ದಾಟಿಸಿತು. ಭಾರತ ಸ್ವತಂತ್ರವಾದ ಮೇಲೂ ಮಂಗಳೂರಿನ ಕೊಡಿಯಾಲಬೈಲಿನ ಬಿಷಪರ ಗಾದಿಯ ವಿಚಾರದಲ್ಲಿ ಲಿಸ್ಬನ್ ಬಾಯಿಹಾಕುವ ಈ ವಿಪರ್ಯಾಸವನ್ನು ತೊಡೆಯಬೇಕಾದರೆ, ಹಕ್ಕು ಯಾರ ಕೈಯಲ್ಲಿತ್ತೋ ಅವರೇ ಬಿಟ್ಟುಕೊಡಬೇಕಿತ್ತು. 1950ರಲ್ಲಿ ಆದದ್ದು ಅದೇ. ಮುಂಬಯಿಯ ಇಂಗ್ಲಿಷ್ ಆರ್ಚ್‌ಬಿಷಪ್ ಥಾಮಸ್ ರಾಬರ್ಟ್ಸ್ ತೆರವು ಮಾಡಿದ ಪೀಠಕ್ಕೆ ಅದೇ ವರ್ಷ ವಲೇರಿಯನ್ ಗ್ರೇಶಿಯಸ್ ಬಂದು, 1953ರಲ್ಲಿ ಭಾರತದ ಮೊದಲ ಕಾರ್ಡಿನಲ್ ಆದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಗೋವಾದ ಆರ್ಚ್‌ಬಿಷಪರಿಗೆ ಸೇರಿದ್ದ ಭಾರತದ ನೆಲವನ್ನು ಬೇರ್ಪಡಿಸಿ ಬೆಳಗಾವಿ ಧರ್ಮಪ್ರಾಂತವನ್ನು ರಚಿಸಲಾಯಿತು.

ಕರಾರು ಮಾಡಿಕೊಂಡ ಮಾತ್ರಕ್ಕೆ ಎದುರಿನವನ ಆಳ್ವಿಕೆಯನ್ನು ಮೆಚ್ಚಿದಂತಾಗುವುದಿಲ್ಲ ಎಂಬುದಕ್ಕೆ ಹಿಂದಿನ ಹೈದರಾಬಾದ್ ಕರ್ನಾಟಕದಲ್ಲೇ ನಿದರ್ಶನವಿದೆ. ವಾಡಿ–ರಾಯಚೂರು ರೈಲುಹಾದಿಯ ನಾಲವಾರ ಇನ್ನೂ ನಿಜಾಮನ ಸೀಮೆಯಾಗಿದ್ದಾಗ, 1947ರ ನವೆಂಬರ್ 29ರಂದು ಭಾರತ ಸರ್ಕಾರವೇ ಅವನೊಡನೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡಿತ್ತು; ಅದರಿಂದ ದೆಹಲಿ ನಿಜಾಮಶಾಹಿಯ ಪಕ್ಷ ವಹಿಸಿತೆಂದು ಯಾರೂ ಹೇಳುವುದಿಲ್ಲ. ಗೋವಾದ ವಿಚಾರದಲ್ಲಿ ಪೋಪರೂ ಸಾಲಾಜಾರನ ವಾದಕ್ಕೆ ಕಟ್ಟುಬೀಳಲಿಲ್ಲ. 1955ರ ಜುಲೈನಲ್ಲಿ ಹನ್ನೆರಡನೆಯ ಪಿಯುಸರನ್ನು ಭೇಟಿಯಾದ ನೆಹರೂ, ಗೋವಾ ರಾಜಕೀಯ ಪ್ರಶ್ನೆಯೇ ಹೊರತು ಧಾರ್ಮಿಕ ಪ್ರಶ್ನೆಯಲ್ಲವೆಂಬುದನ್ನು ಪೋಪರು ಒಪ್ಪಿದರೆಂದು ಬಹಿರಂಗವಾಗಿಯೇ ಹೇಳಿದರು.

ವಿರೋಧ

ಲಾಭವನ್ನು ಎಣಿಸುವವರು ತೆತ್ತ ಬೆಲೆಯನ್ನೂ ಎಣಿಸಬೇಕು. 1940ರ ಕರಾರಿನಂತೆ ಬಿಷಪರ ಹೆಸರನ್ನು ಮೊದಲು ಸರ್ಕಾರಕ್ಕೆ ತಿಳಿಸಿ, ರಾಜಕೀಯ ಆಕ್ಷೇಪವಿದೆಯೇ ಎಂದು ಕೇಳಬೇಕಿತ್ತು. ಮಿಷನರಿ ಒಪ್ಪಂದದಂತೆ ವಸಾಹತುಗಳಿಗೆ ಹೋಗುವ ಪರದೇಶಿ ಪಾದ್ರಿಯು ತನ್ನ ದೇಶದ ಕಾನೂನಿನ ಆಸರೆಯನ್ನು ಬಿಟ್ಟು ಪೋರ್ಚುಗೀಸ್ ಕಾನೂನಿಗೆ ತಲೆಬಾಗುವೆನೆಂದು ಘೋಷಿಸಬೇಕಿತ್ತು. ಸರ್ಕಾರದ ಹಣವನ್ನು ಪಡೆದು, ಸರ್ಕಾರದ ಒಪ್ಪಿಗೆಗೆ ಕಾಯುವ ಪೀಠದಿಂದ ನೊಂದವರ ಪರವಾದ ಮಾತು ಹೊರಡುವುದು ಕಷ್ಟ. ಕಥೋಲಿಕ ಮನೆತನದಲ್ಲೇ ಹುಟ್ಟಿದ ಗೋವಾದ ರಾಷ್ಟ್ರವಾದಿ ತ್ರಿಸ್ತಾಂವ್ ಬ್ರಗಾಂಸ ಕುನ್ಹಾರನ್ನು 1946ರಲ್ಲಿ ಬಂಧಿಸಿ ಪೋರ್ಚುಗಲ್ಲಿನ ಪೆನಿಶ್ ಕೋಟೆಗೆ ಸಾಗಿಸಲಾಯಿತು; 1953ರಲ್ಲಿ ಅದೇ ಗೋವಾದ ಪ್ರಧಾನ ಚರ್ಚಿಗೆ ರೋಮಿನಿಂದ ಗೌರವದ ಬಂಗಾರದ ಗುಲಾಬಿ ಬಂತು.

ಕರಾರು ಸ್ವಂತ ಬಿಷಪರನ್ನೂ ಕಾಯಲಿಲ್ಲ. ಪೋರ್ತೊ ನಗರದ ಬಿಷಪ್ ಅಂತೋನಿಯೊ ಫೆರೈರಾ ಗೋಮಿಶ್ 1958ರಲ್ಲಿ ಸಾಲಾಜಾರನಿಗೆ ಟೀಕೆಯ ಪತ್ರ ಬರೆದ ತಪ್ಪಿಗೆ 1959ರಿಂದ ಹತ್ತು ವರ್ಷ ದೇಶದ ಹೊರಗೇ ಉಳಿಯಬೇಕಾಯಿತು. ಹಿಟ್ಲರನೊಡನೆ 1933ರ ಜುಲೈ 20ರಂದು ಆದ ಕಾನ್‌ಕಾರ್ಡಾಟಿನ ಪಾಠವೂ ಇದೇ: ಪಾದ್ರಿಗಳನ್ನು ಪಕ್ಷ ರಾಜಕೀಯದಿಂದ ಹೊರಗಿಡಲು ಒಪ್ಪಿದ ರೋಮ್, ನಾಲ್ಕೇ ವರ್ಷಗಳಲ್ಲಿ ನಾಜಿಗಳ ವಚನಭಂಗವನ್ನು ಖಂಡಿಸುವ ಪತ್ರವನ್ನು ಜರ್ಮನಿಯ ಚರ್ಚುಗಳಿಗೆ ಗುಟ್ಟಾಗಿ ತಲುಪಿಸಬೇಕಾಯಿತು.

ನಿಜಾಮನ ಹೋಲಿಕೆಯೂ ತಿರುಗುಬಾಣವಾಗುತ್ತದೆ. ಯಥಾಸ್ಥಿತಿ ಒಪ್ಪಂದ ಜಾರಿಯಲ್ಲಿದ್ದಾಗಲೇ ನಿಜಾಮನ ಪರವಾದ ಪಡೆಯಾದ ರಜಾಕಾರರ ಹಾವಳಿ ಹೆಚ್ಚಿ, 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ಹತ್ಯಾಕಾಂಡ ನಡೆಯಿತು. ಹತ್ತು ತಿಂಗಳು ತುಂಬುವ ಮುನ್ನವೇ ದೆಹಲಿ ಆ ಕಾಗದವನ್ನು ಬದಿಗಿಟ್ಟು, ಸೆಪ್ಟೆಂಬರ್ 17ರ ಹೊತ್ತಿಗೆ ನಾಲವಾರದ ಸೀಮೆಯನ್ನೂ ನಿಜಾಮಶಾಹಿಯಿಂದ ಬಿಡಿಸಿತು. ಸಾಲಾಜಾರನ ಕಾನ್‌ಕಾರ್ಡಾಟ್ ಆದರೋ ಅವನಿಗಿಂತಲೂ ಹೆಚ್ಚು ಬಾಳಿ, 2004ರಲ್ಲಷ್ಟೇ ಹೊಸ ಕರಾರಿಗೆ ಎಡೆಕೊಟ್ಟಿತು. ಮಂಗಳೂರಿನ ಹಕ್ಕನ್ನು ಲಿಸ್ಬನ್ ಬಿಟ್ಟದ್ದಕ್ಕೂ ಸ್ವತಂತ್ರ ಭಾರತದಲ್ಲಿ ಅದನ್ನು ಉಳಿಸಿಕೊಳ್ಳಲಾಗದ ಸ್ಥಿತಿಯೇ ಮುಖ್ಯ ಕಾರಣವಾಗಿತ್ತು. ಉಳಿಸಿಕೊಳ್ಳಲು ಸಾಧ್ಯವಿದ್ದ ಗೋವಾದಲ್ಲಿ ಲಿಸ್ಬನ್ ಹಿಡಿತ ಸಡಿಲಿಸಲೇ ಇಲ್ಲ. ಅಲ್ಲಿನ ಪೋರ್ಚುಗೀಸ್ ಆರ್ಚ್‌ಬಿಷಪ್ ಅಲ್ವೆರ್ನಾಜ್ ಹೊರಟದ್ದು 1962ರಲ್ಲಿ, ಭಾರತದ ಸೇನೆ ಪಣಜಿಗೆ ಕಾಲಿಟ್ಟ ಮೇಲೆ.