ಗುಣಾಕಾರ ನುಂಗಿದ ಠ ಒತ್ತು

ಕನ್ನಡದ ಹುಡುಗರೇ, ನಿಮ್ಮ ಮೇಲೆ ನನ್ನದೊಂದು ತಕರಾರಿದೆ. ಅಂಗಡಿ ಬೋರ್ಡಿನಲ್ಲಿ ಕನ್ನಡ ಬೇಕೆಂದು ಬೀದಿಗಿಳಿಯುತ್ತೀರಿ. ಬ್ಯಾಂಕಿನ ಚಲನ್ನು ಕನ್ನಡದಲ್ಲಿ ಯಾಕಿಲ್ಲ ಎಂದು ಮ್ಯಾನೇಜರನ ಮೇಜು ಕುಟ್ಟುತ್ತೀರಿ. ಒಳ್ಳೆಯದೇ, ಮಾಡಿ. ಅಂಥ ಹೋರಾಟದ ಕರಪತ್ರಗಳನ್ನು ಅಚ್ಚು ಹಾಕಿಕೊಟ್ಟವನು ನಾನು, ಎಷ್ಟೋ ಸಲ ಸಾಲಕ್ಕೆ. ಆದರೆ ಏಳನೇ ಕ್ಲಾಸಿನ ಗಣಿತದ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ ತಪ್ಪಿಲ್ಲದೆ ಜೋಡಿಸಲು ನಮಗೆ ಬರುತ್ತದೆಯೇ ಎಂದು ನಿಮ್ಮಲ್ಲಿ ಒಬ್ಬನೂ ಕೇಳಿದ್ದನ್ನು ನಾನು ಕಾಣೆ.

ನಾನು ಕೋಟೆಯವನು. ಹೆಗ್ಗಡದೇವನಕೋಟೆ. ಬೆಂಗಳೂರಿನವರಿಗೆ ಕಬಿನಿ ರೆಸಾರ್ಟು, ಹುಲಿ ಫೋಟೊ ಅಂದರೆ ಬೇಗ ಅರ್ಥವಾಗುತ್ತದೆ. ಆ ಹುಲಿ ಇರುವ ತಾಲ್ಲೂಕಿನಲ್ಲಿ ಶಾಲೆಗಳೂ ಇವೆ, ಪರೀಕ್ಷೆಗಳೂ ನಡೆಯುತ್ತವೆ. ನನ್ನದೊಂದು ಸಣ್ಣ ಪ್ರೆಸ್ಸು. ಮದುವೆ ಕಾರ್ಡು, ರಸೀದಿ ಪುಸ್ತಕ, ಭೀಮನಕೊಲ್ಲಿ ಜಾತ್ರೆಯ ಪೋಸ್ಟರು, ಮಧ್ಯೆ ಮಧ್ಯೆ ಪ್ರಶ್ನೆಪತ್ರಿಕೆ. ಓದಿದ್ದು ಪಿಯುಸಿ. ಮುಂದಿನದೆಲ್ಲ ಮಷಿ ಕಲಿಸಿದ್ದು.

೨೦೦೮ರಲ್ಲಿ ನಡೆದದ್ದು ಹೇಳುತ್ತೇನೆ. ತಾಲ್ಲೂಕಿನ ಒಂದು ಶಾಲೆಯ ಮೇಷ್ಟ್ರು ಕೈಬರಹದಲ್ಲಿ ಗಣಿತದ ಪೇಪರು ತಂದುಕೊಟ್ಟರು. ಟೈಪು ಮಾಡಿದೆ, ಅವರು ಪ್ರೂಫ್ ನೋಡಿ ಸಹಿ ಹಾಕಿ ಹೋದರು. ರಾತ್ರಿ ಕೊನೆಯ ಎರಡು ಸಾಲು ಮುಂದಿನ ಪುಟಕ್ಕೆ ಜಾರಿದವು. ಒಂದೇ ಪುಟದಲ್ಲಿ ಕೂರಿಸೋಣವೆಂದು ಪೂರ್ತಿ ಪುಟ ಆಯ್ದುಕೊಂಡು, ಅಕ್ಷರ ಸಣ್ಣದು ಮಾಡಿ, ಎಲ್ಲಕ್ಕೂ ಒಂದೇ ಕನ್ನಡ ಫಾಂಟು ಕೊಟ್ಟೆ. ಬೆಳಿಗ್ಗೆ ಅಚ್ಚಾಯಿತು, ಕಟ್ಟು ಕಟ್ಟಿ ಕಳಿಸಿದೆ.

ಆಮೇಲೆ ಗೊತ್ತಾಯಿತು: ೧೨ ಮತ್ತು ೮ರ ನಡುವೆ ಇದ್ದ ಗುಣಾಕಾರದ ಚಿಹ್ನೆ ಮಾಯ! ಅದರ ಜಾಗದಲ್ಲಿ ಸಾಲಿನ ಕೆಳಗೆ ಠ ಒತ್ತು ಒಂದು ನೇತಾಡುತ್ತಿದೆ. ಬೀಜಗಣಿತದ ಎಕ್ಸ್ ಇದ್ದಲ್ಲೆಲ್ಲ ತಲೆಕಟ್ಟಿಲ್ಲದ ಥ ಕೂತಿದೆ. ಎಕ್ಸ್ ವರ್ಗ ಹೋಗಿ ಬೋಳು ಥ ವರ್ಗ!

ಎರಡು ದಿನ ಬಿಟ್ಟು ಒಬ್ಬರು ಅಂಗಡಿಗೆ ಬಂದರು, ಆಟೊ ಓಡಿಸುವವರು. ಜಗಳಕ್ಕೆ ಬಂದವರಲ್ಲ. “ಅಣ್ಣ, ನನ್ ಮಗಳು ಹೇಳ್ತಾಳೆ, ಅದು ಚುಕ್ಕಿ ಅನ್ಕೊಂಡು ಹನ್ನೆರಡು ದಶಮಾಂಶ ಎಂಟು ಅಂತ ಮಾಡ್ದೆ ಅಂತ. ಪೇಪರ್ ನಿಮ್ಮಲ್ಲೇ ಆಗಿದ್ದಂತಲ್ವಾ?” ಅಂದರು. ಹೌದು ಅಂದೆ. ಪಟ್ಟಣದ ಹುಡುಗರು ಎದ್ದು ನಿಂತು ಮೇಷ್ಟ್ರನ್ನು ಕೇಳಿ ಸರಿ ಮಾಡಿಕೊಂಡಿದ್ದರು. ಈ ಹುಡುಗಿ ಕೇಳಲಿಲ್ಲ. ಅಚ್ಚಾದದ್ದು ತಪ್ಪಿರುವುದಿಲ್ಲ, ತನಗೇ ಗೊತ್ತಿಲ್ಲ ಎಂದುಕೊಂಡಳು. ತಪ್ಪು ನನ್ನದೇ, ಬೇರೆ ಯಾರದ್ದೂ ಅಲ್ಲ. ಕಾಫಿ ತರಿಸಿದೆ, ಅವರು ಕುಡಿಯದೆ ಎದ್ದು ಹೋದರು.

ಹೀಗೇಕೆ ಆಗುತ್ತದೆ? ಆ ಕಾಲದ ಕನ್ನಡ ಫಾಂಟುಗಳ ಒಳಗುಟ್ಟು ನೋಡಿ. ಒಂದು ಫಾಂಟಿನಲ್ಲಿ ಇದ್ದದ್ದು ೨೫೬ ಸೀಟು, ಎಲ್ಲವೂ ಮೊದಲೇ ಇಂಗ್ಲಿಷಿನವರು, ಯುರೋಪಿನವರು ಟವೆಲ್ ಹಾಕಿ ಹಿಡಿದಿಟ್ಟ ಸೀಟುಗಳು. ಕನ್ನಡಕ್ಕೆ ಬೇರೆ ಸೀಟಿಲ್ಲ. ಆದ್ದರಿಂದ ಇಂಗ್ಲಿಷ್ ಅಕ್ಷರದ ಸೀಟಿನ ಮೇಲೆ ಕನ್ನಡದ ತುಂಡುಗಳನ್ನು ಕೂರಿಸಿದರು. ೨೧೫ನೇ ಸೀಟು ಗುಣಾಕಾರ ಚಿಹ್ನೆಯದು. ನಾವೆಲ್ಲ ಬಳಸುತ್ತಿದ್ದ ಮಾದರಿಯಲ್ಲಿ ಅಲ್ಲಿ ಠ ಒತ್ತು ಕೂತಿತ್ತು. ಕನ್ನಡ ಫಾಂಟು ಕೊಟ್ಟ ಕೂಡಲೇ ಗುಣಾಕಾರ ಎದ್ದು ಹೋಗುತ್ತದೆ, ಠ ಒತ್ತು ಕೂರುತ್ತದೆ. ಇದನ್ನು ಮಾಡಿದವರನ್ನು ನಾನು ಬೈಯುವುದಿಲ್ಲ. ೧೯೯೮ರಲ್ಲಿ ಬರಹ ಬಂತು, ಆಮೇಲೆ ಗಣಕ ಪರಿಷತ್ತಿನ ನುಡಿ ಬಂತು. ಅವು ಬರದೇ ಇದ್ದರೆ ನನ್ನಂಥ ಸಣ್ಣ ಪ್ರೆಸ್ಸಿನವನು ಅಂದೇ ಬಾಗಿಲು ಹಾಕುತ್ತಿದ್ದ. ಪರೀಕ್ಷೆ ಗೆಲ್ಲಲಿಲ್ಲ ಅನ್ನುವುದು ಬೇರೆ ಮಾತು.

ನಮ್ಮಪ್ಪನ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಬೇರೆ ತೊಂದರೆ ಇತ್ತು. ಅದು ಮೊಳೆ ಜೋಡಿಸುವ ಕಾಲ, ಟ್ರೆಡಲ್ ಮೆಷಿನ್ನು. ಕನ್ನಡದ ಕೇಸಿನಲ್ಲಿ ಕಾಗುಣಿತ, ಒತ್ತು ಎಲ್ಲ ಇರುತ್ತಿದ್ದವು; ಗಣಿತದ ಚಿಹ್ನೆ ಇರುತ್ತಿರಲಿಲ್ಲ. ಅಪ್ಪ ಮಾಡಿಕೊಳ್ಳುತ್ತಿದ್ದರು. ಗುಣಾಕಾರಕ್ಕೆ ಇಂಗ್ಲಿಷ್ ಕೇಸಿನ ಎಕ್ಸ್. ಭಿನ್ನರಾಶಿಗೆ ಹಿತ್ತಾಳೆ ರೂಲು ಕತ್ತರಿಸಿ ನಡುವೆ ಇಟ್ಟು, ಮೇಲೊಂದು ಕೆಳಗೊಂದು ಸಣ್ಣ ಅಂಕಿ. ವರ್ಗಮೂಲದ ಗುರುತನ್ನು ಅರದಿಂದ ಉಜ್ಜಿ ಉಜ್ಜಿ ತಯಾರಿಸಿದ್ದರು. ಇವನ್ನೆಲ್ಲ ಪೌಡರ್ ಡಬ್ಬಿಯಲ್ಲಿ ಹಾಕಿಟ್ಟಿದ್ದರು, ನಾವು ಅದನ್ನು ಲೆಕ್ಕದ ಡಬ್ಬಿ ಅನ್ನುತ್ತಿದ್ದೆವು. ಹುಡುಗನಾಗಿದ್ದಾಗ ನಾನೂ ಒಂದು ಚಿಹ್ನೆ ಮಾಡಿ ತೋರಿಸಿದೆ. ಅಪ್ಪ ಅದರ ಚಂದ ನೋಡಲಿಲ್ಲ. ಬೇರೆ ಮೊಳೆಯ ಪಕ್ಕ ನಿಲ್ಲಿಸಿ ಬೆರಳು ಸವರಿ ನೋಡಿದರು. ಎತ್ತರ ಒಂದು ಕೂದಲು ಹೆಚ್ಚಿದ್ದರೆ ಕಾಗದ ತೂತಾಗುತ್ತದೆ, ಕಡಿಮೆಯಿದ್ದರೆ ಮಷಿ ಹಿಡಿಯುವುದಿಲ್ಲ. ನನ್ನದು ಕುಳ್ಳ. ತೆಗೆದು ಕರಗಿಸುವ ಡಬ್ಬಕ್ಕೆ ಹಾಕಿದರು.

ಈಗ ಟೆಕ್ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಡೊನಾಲ್ಡ್ ಕನೂತ್ ಎಂಬ ಮೇಷ್ಟ್ರು. ೧೯೭೭ರಲ್ಲಿ ತಮ್ಮ ಪುಸ್ತಕದ ಹೊಸ ಮುದ್ರಣದ ಪ್ರೂಫ್ ಬಂತು. ಹಳೆಯದು ಸೀಸದ ಮೊಳೆಯಲ್ಲಿ ಆದದ್ದು, ಹೊಸದು ಫೋಟೊ ಟೈಪ್‌ಸೆಟ್ಟಿಂಗಿನದು. ಗಣಿತ ನೋಡಲಾಗದಷ್ಟು ಕೆಟ್ಟಿತ್ತು. ನಾವಾಗಿದ್ದರೆ ಪ್ರೆಸ್ಸಿನವನನ್ನು ಬೈದು ಸುಮ್ಮನಾಗುತ್ತಿದ್ದೆವು. ಆ ಮನುಷ್ಯ ಪುಸ್ತಕ ಬರೆಯುವುದನ್ನೇ ಪಕ್ಕಕ್ಕಿಟ್ಟು, ಗಣಿತ ಜೋಡಿಸುವ ತಂತ್ರಾಂಶ ಬರೆಯಲು ಕೂತರು. ಕೆಲವು ತಿಂಗಳ ಕೆಲಸ ಎಂದುಕೊಂಡದ್ದು ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು. ಮುಗಿದ ಮೇಲೆ ಜಗತ್ತಿಗೆ ಪುಕ್ಕಟೆ ಕೊಟ್ಟುಬಿಟ್ಟರು.

ನನಗೆ ಅದನ್ನು ತೋರಿಸಿದ್ದು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮಕ್ಕನ ಮಗ. ‘ಮಾವ, ಇದರಲ್ಲಿ ನಿಮಗೆ ಬೇಕಾದ ಚಿಹ್ನೆ ನೀವೇ ಮಾಡಿಕೊಳ್ಳಬಹುದು’ ಅಂದ. ನಾನು ನಕ್ಕೆ. ಚಿತ್ರ ಬರೆದು ಅಂಟಿಸುವುದು ನನಗೇನು ಹೊಸದೇ? ಅಲ್ಲ ಮಾವ, ಅಂಟಿಸುವುದಲ್ಲ ಅಂದ. ಅಂಟಿಸಿದ ಚಿತ್ರ ಸಾಲಿನ ಮಟ್ಟಕ್ಕೆ ನಿಲ್ಲುವುದಿಲ್ಲ, ಅಕ್ಷರ ದೊಡ್ಡದಾದರೆ ತಾನು ದೊಡ್ಡದಾಗುವುದಿಲ್ಲ. ಟೆಕ್‌ನಲ್ಲಿ ಹೊಸ ಚಿಹ್ನೆಗೆ ಹೆಸರು ಕೊಡಬೇಕು, ಜೊತೆಗೆ ಅದರ ಜಾತಿ ಹೇಳಬೇಕು. (ಮನುಷ್ಯರಿಗೆ ಕೇಳಬಾರದ್ದು, ಚಿಹ್ನೆಗೆ ಕೇಳಲೇಬೇಕು.) ಕೂಡು, ಕಳೆಯಂತೆ ಎರಡು ಸಂಖ್ಯೆಯ ನಡುವೆ ನಿಲ್ಲುವುದೇ? ಸಮ ಚಿಹ್ನೆಯಂತೆ ಎರಡು ಕಡೆಯನ್ನು ಹೋಲಿಸುವುದೇ? ಲಾಗ್, ಸೈನ್‌ನಂತೆ ಮುಂದಿನದನ್ನು ಹಿಡಿದುಕೊಳ್ಳುವುದೇ? ಇಲ್ಲಾ ಬರೀ ಅಕ್ಷರವೇ? ಅದರ ಮೇಲೆ ಅಕ್ಕಪಕ್ಕ ಎಷ್ಟು ಜಾಗ ಬಿಡಬೇಕೆಂದು ಟೆಕ್ ತಾನೇ ನಿರ್ಧರಿಸುತ್ತದೆ. ಅಪ್ಪನ ಬೆರಳು ಇಲ್ಲಿ ಕಂಪ್ಯೂಟರಿನೊಳಗೆ ಕೂತಿದೆ ಅನ್ನಿಸಿತು.

ಸರಿ, ಲ.ಸಾ.ಅ. ಮಾಡೋಣ ಅಂದೆ. ಲಘುತಮ ಸಾಮಾನ್ಯ ಅಪವರ್ತ್ಯ. ಕನ್ನಡ ಮೀಡಿಯಮ್ಮಿನ ಪ್ರತಿ ಮಗುವಿನ ಬಾಯಲ್ಲಿರುವ ಮಾತು. ಗಣಿತದ ಸಾಲಿನೊಳಗೆ ನೇರ ಟೈಪು ಮಾಡಿದೆ. ಪುಟ ಬಂತು, ಲ.ಸಾ.ಅ. ಇಲ್ಲ! ಅಂಕಿಗಳಿವೆ, ಆವರಣವಿದೆ, ಕನ್ನಡ ಅಕ್ಷರ ಮಾತ್ರ ಗಾಳಿ. ತಪ್ಪಾಯಿತು ಎಂದು ಪರದೆಯ ಮೇಲೆ ಕೂಗಲೂ ಇಲ್ಲ. ನಡೆದದ್ದನ್ನೆಲ್ಲ ಬರೆದಿಡುವ ಕಡತದ ಮೂಲೆಯಲ್ಲಿ, ಈ ಅಕ್ಷರ ಈ ಫಾಂಟಿನಲ್ಲಿಲ್ಲ ಎಂದು ಒಂದು ಸಾಲು, ಅಷ್ಟೆ. ಗಣಿತದ ಫಾಂಟಿನಲ್ಲಿ ಗ್ರೀಕ್ ಉಂಟು, ಹೀಬ್ರೂವಿನ ಆಲೆಫ್ ಉಂಟು, ಕನ್ನಡದ ಒಂದಕ್ಷರ ಇಲ್ಲ. ಕನ್ನಡ ಫಾಂಟನ್ನೇ ಗಣಿತಕ್ಕೆ ಕೊಟ್ಟು ನೋಡಿದೆವು. ಈಗ ಅಕ್ಷರ ಬಂತು, ಒತ್ತು ಮುರಿಯಿತು. ತ್ರಿಭುಜದ ವಿಸ್ತೀರ್ಣ ಸಮ ಅರ್ಧ ಗುಣಿಸು ಪಾದ ಗುಣಿಸು ಎತ್ತರ ಎಂಬ ಸೂತ್ರದಲ್ಲಿ ‘ವಿಸ್ತೀರ್ಣ’ದ ತ ಒತ್ತು ಬೇರೆ, ಅರ್ಕಾವತ್ತು ಬೇರೆ, ದೀರ್ಘ ಬೇರೆ, ಸಂತೆಯಲ್ಲಿ ತಪ್ಪಿಸಿಕೊಂಡ ಮಕ್ಕಳಂತೆ. ಗಣಿತದ ಸಾಲಿನಲ್ಲಿ ಟೆಕ್ ಒಂದೊಂದೇ ಅಕ್ಷರವನ್ನು ಬಿಡಿಬಿಡಿಯಾಗಿ ಇಡುತ್ತದೆ. ಎ, ಬಿ, ಸಿಗೆ ಅದು ಸಾಕು. ಕೂಡಿಕೊಂಡು ಬಾಳುವ ನಮ್ಮ ಅಕ್ಷರಕ್ಕೆ ಸಾಲದು.

ದಾರಿ ಸಿಕ್ಕಿದ್ದು ಮೂರನೇ ರಾತ್ರಿ. ಕನ್ನಡ ಪದವನ್ನು ಮೊದಲು ‘ಇದು ಪಠ್ಯ’ ಎಂದು ಹೇಳುವ ಆಜ್ಞೆಯೊಳಗೆ ಇಡಬೇಕು, ಆಗ ಒತ್ತು ಸರಿಯಾಗಿ ಕೂಡಿಕೊಳ್ಳುತ್ತದೆ. ಆ ಪೊಟ್ಟಣವನ್ನು ಡಿಕ್ಲೇರ್ ಮ್ಯಾಥ್ ಆಪರೇಟರ್ ಎಂಬ ಆಜ್ಞೆಗೆ ಕೊಟ್ಟು ಹೊಸ ಹೆಸರಿಡಬೇಕು. ಅಲ್ಲಿಂದ ಮುಂದೆ ಲ.ಸಾ.ಅ. ಎಂಬುದು ಲಾಗ್‌ನ ಸರೀಕ. ಜಾಗ ತಾನೇ ಬಿಟ್ಟುಕೊಳ್ಳುತ್ತದೆ, ಘಾತದ ಜಾಗಕ್ಕೆ ಹೋದರೆ ತಾನೇ ಸಣ್ಣದಾಗುತ್ತದೆ. ಕಡತದ ತಲೆಯಲ್ಲಿ ಒಂದು ಸಾಲು ಬರೆದರೆ ಸಾಕು, ಇನ್ನೂರು ಪುಟದ ಪುಸ್ತಕಕ್ಕೂ ಅದೇ ಸಾಲು. ಮ.ಸಾ.ಅ. ಮಾಡಿದೆವು. ಆಮೇಲೆ ಕಾಲು, ಅರ್ಧ, ಮುಕ್ಕಾಲಿಗೆ ಕೈ ಹಾಕಿದೆವು. ಹಳೆಯ ಲೆಕ್ಕದ ಕಡತಗಳಲ್ಲಿ ಕಾಲಿಗೆ ಒಂದು ನೇರ ಗೀಟು, ಅರ್ಧಕ್ಕೆ ಎರಡು, ಮುಕ್ಕಾಲಿಗೆ ಮೂರು. ಉತ್ತರದ ಹೆಸರಿನಲ್ಲಿ ಈ ಗುರುತುಗಳು ೨೦೦೯ರಲ್ಲಿ ಯೂನಿಕೋಡಿಗೆ ಸೇರಿವೆ. ನನ್ನ ಹತ್ತಿರವಿದ್ದ ಕನ್ನಡ ಫಾಂಟುಗಳಲ್ಲಿ ಇರಲಿಲ್ಲ. ಟೆಕ್‌ಗೆ ಗೀಟು ಎಳೆಯುವ ಆಜ್ಞೆ ಉಂಟಲ್ಲ, ಅಕ್ಷರದ ಅಳತೆಗೆ ತಕ್ಕಂತೆ ಮೂರು ಗೀಟು ಎಳೆಸಿದೆವು. ಅಪ್ಪ ಇದ್ದಿದ್ದರೆ ಬೆರಳು ಸವರಿ ನೋಡುತ್ತಿದ್ದರು.

ಇದೆಲ್ಲ ನಾವೇ ಮೊದಲು ಮಾಡಿದ್ದು ಎಂದು ಕೊಚ್ಚಿಕೊಳ್ಳುವುದಿಲ್ಲ. ಟೆಕ್‌ಗೆ ಕನ್ನಡ ಕಲಿಸುವ ಕೆಲಸವನ್ನು ಜಗದೀಶ್ ಮತ್ತು ವೆಂಕಟೇಶ್ ಗೋಪಿನಾಥ್ ಎಂಬ ಇಬ್ಬರು ತೊಂಬತ್ತರ ದಶಕದಲ್ಲೇ ಮಾಡಿ ಹಂಚಿದ್ದರು. ಶ್ರೀರಂಗಪಟ್ಟಣದಲ್ಲಿ ಗಣಿತದ ಮೇಷ್ಟ್ರು ಸಿ. ಎಸ್. ಯೋಗಾನಂದ ಅವರು ಟೆಕ್‌ನಲ್ಲೇ ಕನ್ನಡ ಪುಸ್ತಕಗಳನ್ನು ಜೋಡಿಸುವ ಕೆಲಸ ಕಟ್ಟಿದರು. ಅದು ಕೋಟೆಯಿಂದ ಅರ್ಧ ದಿನದ ದಾರಿಯೂ ಅಲ್ಲ. ಆದರೂ ನನಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು.

‘ಗಣಿತದ ಚಿಹ್ನೆ ಜಗತ್ತಿಗೆಲ್ಲ ಒಂದೇ, ಅದರಲ್ಲಿ ಕನ್ನಡ ಯಾಕಯ್ಯ’ ಎಂದು ಕೇಳುವವರಿದ್ದಾರೆ. ಎಕ್ಸ್ ತೆಗೆದು ಕ್ಷ ಹಾಕಿ ಎಂದು ನಾನು ಹೇಳುತ್ತಿಲ್ಲ. ಕೂಡು, ಕಳೆ, ಎಕ್ಸ್ ಹಾಗೇ ಇರಲಿ. ಅಂಕಿ ಕನ್ನಡದ್ದೋ ಇಂಗ್ಲಿಷಿನದೋ ಅನ್ನುವ ಜಗಳವೂ ಇಲ್ಲಿ ಬೇಡ. ಆದರೆ ಜಗತ್ತಿಗೆಲ್ಲ ಒಂದೇ ಅನ್ನುವುದು ಸುಳ್ಳು. ರಷ್ಯದವರು ಟ್ಯಾನ್ ಎಂದು ಬರೆಯುವುದಿಲ್ಲ, ಟಿ-ಜಿ ಎಂದು ಬರೆಯುತ್ತಾರೆ. ಟೆಕ್‌ನ ರಷ್ಯನ್ ಪೊಟ್ಟಣದಲ್ಲಿ ಅದಕ್ಕೆ ತಯಾರು ಆಜ್ಞೆ ಇದೆ. ಅರಬ್ಬರು ಗಣಿತಕ್ಕೆ ತಮ್ಮದೇ ಅಕ್ಷರ ಬಳಸುತ್ತಾರೆ. ೨೦೧೨ರಲ್ಲಿ ಯೂನಿಕೋಡಿನಲ್ಲಿ ಅರಬ್ಬಿ ಗಣಿತಾಕ್ಷರಗಳಿಗೆಂದೇ ಒಂದು ಓಣಿ ಸಿಕ್ಕಿತು, ೧೪೩ ಚಿಹ್ನೆ. ಒಂಬತ್ತನೇ ಶತಮಾನದಲ್ಲಿ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯ, ಹನ್ನೆರಡರಲ್ಲಿ ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯ ಇದ್ದ ನಾಡು ನಮ್ಮದು ಎಂದು ವೇದಿಕೆಯಲ್ಲಿ ಎದೆ ತಟ್ಟಿಕೊಳ್ಳುತ್ತೇವೆ. ನಮ್ಮ ಓಣಿ ಎಲ್ಲಿ?

ನಾವು ಇಲ್ಲದ ಕಡೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಪುರಾವೆ ಕೊಡುತ್ತೇನೆ, ಕೇಳಿ ಮೈ ಉರಿದರೆ ಉರಿಯಲಿ. ಹಳಗನ್ನಡದ ೞ ಗೊತ್ತಲ್ಲ? ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಕಿಟೆಲ್ ನಿಘಂಟು ಅಚ್ಚು ಹಾಕಿದಾಗ, ಆಗಲೇ ಬಳಕೆ ತಪ್ಪಿದ್ದ ಆ ಅಕ್ಷರಕ್ಕೂ ಮೊಳೆ ಇಟ್ಟುಕೊಂಡಿದ್ದರು. ಅದೇ ಅಕ್ಷರಕ್ಕೆ ಯೂನಿಕೋಡಿನ ಪಟ್ಟಿಯಲ್ಲಿ ಕೊಟ್ಟ ಹೆಸರು ‘ಕನ್ನಡ ಅಕ್ಷರ ಫ’! ಫ ಅಂತೆ! ತಪ್ಪು ಎಂದು ಒಪ್ಪಿಕೊಂಡು ಪಕ್ಕದಲ್ಲಿ ಸರಿ ಹೆಸರನ್ನು ಅಡ್ಡಹೆಸರಾಗಿ ಬರೆದಿದ್ದಾರೆ. ಆದರೆ ಒಮ್ಮೆ ಇಟ್ಟ ಹೆಸರು ಬದಲಿಸುವಂತಿಲ್ಲ ಎನ್ನುವುದು ಅವರ ನಿಯಮ.

ಅದಕ್ಕೇ ನಿಮ್ಮ ಹತ್ತಿರ ಬಂದಿದ್ದೇನೆ. ನಿಮಗೆ ಕಂಪ್ಯೂಟರ್ ಬರುತ್ತದೆ, ಇಂಗ್ಲಿಷ್ ಬರುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ನಾನು ಲ.ಸಾ.ಅ.ಗೆ ಒಂದು ಹೆಸರಿಟ್ಟರೆ ಹುಣಸೂರಿನವನು ಇನ್ನೊಂದು ಇಡುತ್ತಾನೆ, ಪಿರಿಯಾಪಟ್ಟಣದವನು ಚಿತ್ರ ಅಂಟಿಸುತ್ತಾನೆ. ಕನ್ನಡ ಮೀಡಿಯಮ್ಮಿನ ಒಂದರಿಂದ ಹನ್ನೆರಡನೇ ಕ್ಲಾಸಿನವರೆಗಿನ ಗಣಿತದ ಪುಸ್ತಕ ಮುಂದಿಟ್ಟುಕೊಂಡು, ಅದರಲ್ಲಿ ಬರುವ ಎಲ್ಲ ಕನ್ನಡ ಗುರುತು, ಸಂಕ್ಷೇಪಗಳಿಗೂ ಒಂದೇ ಕಡತ ಮಾಡಿ, ಯಾರು ಬೇಕಾದರೂ ಬಳಸುವಂತೆ ಪುಕ್ಕಟೆ ಬಿಡಿ. ಗಣಿತದ ಫಾಂಟು ಮಾಡುವವರಿಗೆ ಕಾಗದ ಬರೆಯಿರಿ, ಕನ್ನಡದ ಒತ್ತು ಗಣಿತದ ಸಾಲಿನಲ್ಲೂ ಕೂಡಬೇಕು ಅನ್ನಿ. ಮೇಷ್ಟ್ರುಗಳನ್ನು ಕೂರಿಸಿಕೊಳ್ಳಿ, ಅವರಿಲ್ಲದೆ ನೀವೇ ಪದ ಹುಟ್ಟಿಸಲು ಹೋಗಬೇಡಿ, ಅದು ಇನ್ನೊಂದು ರೋಗ.

ನಮ್ಮ ಕಡತದಲ್ಲಿ ಈಗ ಹದಿನೇಳು ಚಿಹ್ನೆ ಇವೆ. ಮೊದಲನೆಯದು ಗುಣಾಕಾರ, ಅದು ಟೆಕ್‌ನಲ್ಲಿ ಮೊದಲೇ ಇದ್ದರೂ ನಾನೇ ಹಟ ಹಿಡಿದು ಬರೆಸಿದ್ದು. ವರ್ಗಮೂಲದೊಳಗೆ ಕನ್ನಡ ಪದ ಇಟ್ಟರೆ ಒತ್ತಿನ ಬಾಲಕ್ಕೆ ಗೆರೆ ಇನ್ನೂ ಎತ್ತರ ತಪ್ಪುತ್ತದೆ, ಅದೊಂದು ಬಗೆಹರಿದಿಲ್ಲ. ಬಲ್ಲವರು ಯಾರಾದರೂ ಕೋಟೆ ಕಡೆ ಬಂದರೆ, ಹುಲಿ ನೋಡಲೆಂದೇ ಬಂದರೂ ಚಿಂತೆಯಿಲ್ಲ, ಪ್ರೆಸ್ಸಿಗೆ ಬನ್ನಿ. ರಾತ್ರಿ ಒಂಬತ್ತರವರೆಗೆ ಬಾಗಿಲು ತೆಗೆದಿರುತ್ತದೆ, ಪರೀಕ್ಷೆ ಕಾಲದಲ್ಲಿ ಹನ್ನೊಂದರವರೆಗೆ.